ಗಜನಿ ಕಟ್ಟೆಗೆ ಉಬ್ಬರದ ಕೋಷ್ಟಕ

ಅಘನಾಶಿನಿಯ ಗಜನಿಯಲ್ಲಿ ಕಗ್ಗ ಭತ್ತ ಬೆಳೆಯುವ ರೈತ ಬಾಂಧವರೇ, ಕಗ್ಗ ಉಪ್ಪು ತಾಳುವ ತಳಿ, ನಿಜ. ಆದರೂ ಕಟ್ಟೆ ಒಡೆದರೆ ಮಳೆ ತೊಳೆದ ಉಪ್ಪು ಮತ್ತೆ ಗದ್ದೆಗೇ ಬರುತ್ತದೆ. ಕಟ್ಟೆ ಎಷ್ಟು ಎತ್ತರವಿರಬೇಕು?

ಭಾರತೀಯ ಸರ್ವೇಕ್ಷಣಾ ಇಲಾಖೆ ಪ್ರತಿವರ್ಷ ಹೊರತರುವ ಉಬ್ಬರವಿಳಿತದ ಕೋಷ್ಟಕದಲ್ಲಿ ಕಾರವಾರದ ದಿನವಾರು ವೇಳೆ, ಎತ್ತರ ಸಿಗುತ್ತವೆ. ಆ ಮೀಟರುಗಳನ್ನು ಎಣಿಸಿರುವುದು ನಿಮ್ಮ ಗದ್ದೆಯಿಂದಲ್ಲ, ಸಮುದ್ರ ತೀರ ಕೆಳಗಿಳಿದ ಮಟ್ಟದಿಂದ. ಆದ್ದರಿಂದ ತೂಬಿನ ಬಳಿ ಗೂಟ ನೆಟ್ಟು, ಅಮಾವಾಸ್ಯೆ, ಹುಣ್ಣಿಮೆ ಕಳೆದ ಒಂದೆರಡು ದಿನ ನೀರೇರಿದ ಗುರುತನ್ನೂ ವೇಳೆಯನ್ನೂ ಬರೆದಿಡಿ. ಹೊಳೆಯೊಳಗೆ ಉಬ್ಬರ ತಡವಾಗಿ ಮುಟ್ಟುತ್ತದೆ. ನಾಲ್ಕಾರು ಗುರುತಾದರೆ ಕೋಷ್ಟಕದ ಅಂಕಿ ಗೂಟದಲ್ಲಿ ಎಲ್ಲಿಗೆಂದು ತಿಳಿಯುವುದು.

ಬಿರುಗಾಳಿ, ನೆರೆ ಕೋಷ್ಟಕದಲ್ಲಿಲ್ಲ. ಅದಕ್ಕೆಂದೇ ಕಟ್ಟೆಗೆ ಇನ್ನಷ್ಟು ಮಣ್ಣು ಏರಿಸಿರಿ. ಮಳೆನೀರನ್ನು ಇಳಿತದ ವೇಳೆಗೇ ಬಿಟ್ಟು, ಉಬ್ಬರ ಮರಳುವ ಮೊದಲು ತೂಬು ಮುಚ್ಚಿರಿ.