ಟ್ರ್ಯಾಕ್ಟರಿಗೆ ಹಳೆಯ ಗೇರ್ ಬಾಕ್ಸನ್ನು ಮನೆಯಂಗಳದಲ್ಲಿ ಕೂರಿಸುವಾಗ

ಟ್ರ್ಯಾಕ್ಟರಿನ ಗೇರ್ ಬಾಕ್ಸು ಕೆಟ್ಟಾಗ ಬೇಸಾಯಗಾರರ ಮುಂದೆ ಎರಡು ದಾರಿಗಳಿರುತ್ತವೆ. ಹೊಸ ಬಿಡಿಭಾಗಗಳನ್ನು ತರಿಸಿ ವರ್ಕ್‌ಶಾಪಿನಲ್ಲಿ ಕಟ್ಟಿಸುವುದು ಒಂದು. ಗುಜರಿಗೆ ಬಂದ ಅದೇ ಮಾದರಿಯ ಟ್ರ್ಯಾಕ್ಟರಿನ ಗೇರ್ ಬಾಕ್ಸನ್ನು ಕೊಂಡು, ಪರಿಚಯದ ಮೆಕ್ಯಾನಿಕನನ್ನು ಕರೆಸಿ ಮನೆಯಂಗಳದಲ್ಲಿಯೇ ಕೂರಿಸಿಕೊಳ್ಳುವುದು ಇನ್ನೊಂದು. ಎರಡನೆಯದರಲ್ಲಿ ಖರ್ಚು ಕಡಿಮೆ. ಆದರೆ ಲಾರಿ, ಜೀಪುಗಳಿಗಿರುವಂತೆ ಬಹುಪಾಲು ಟ್ರ್ಯಾಕ್ಟರುಗಳಿಗೆ ಪ್ರತ್ಯೇಕ ಚಾಸಿಯ ಚೌಕಟ್ಟು ಇರುವುದಿಲ್ಲ. ಎಂಜಿನ್ನು, ಕ್ಲಚ್ ಹೌಸಿಂಗು, ಗೇರ್ ಬಾಕ್ಸು, ಹಿಂದಿನ ಆಕ್ಸಲ್ಲಿನ ಹೌಸಿಂಗು ಇವೇ ಒಂದಕ್ಕೊಂದು ಬೋಲ್ಟುಗಳಿಂದ ಬಿಗಿದುಕೊಂಡು ಗಾಡಿಯ ಬೆನ್ನೆಲುಬಾಗಿರುತ್ತವೆ. ಗೇರ್ ಬಾಕ್ಸನ್ನು ತೆಗೆಯುವುದೆಂದರೆ ಈ ಬೆನ್ನೆಲುಬನ್ನು ನಡುವಿನಲ್ಲಿ ಬಿಡಿಸುವುದು. 35ರಿಂದ 45 ಅಶ್ವಶಕ್ತಿಯ ಟ್ರ್ಯಾಕ್ಟರು ಎರಡು ಟನ್ನಿನ ಆಸುಪಾಸು ತೂಗುತ್ತದೆ. ಈ ಭಾರ ಎರಡು ತುಂಡಾಗಿ ನಿಂತಾಗ ಅದನ್ನು ಹೇಗೆ ತಡೆದು ಹಿಡಿಯಬೇಕೆಂಬುದನ್ನು ತಿಳಿದೇ ಕೆಲಸಕ್ಕೆ ಕೈಹಾಕತಕ್ಕದ್ದು.

ಈ ಲೇಖಕ ಬೆಳೆ ವಿಜ್ಞಾನಿಯೇ ಹೊರತು ಎಂಜಿನಿಯರನಲ್ಲ. ಆದರೆ ಗಾಡಿ ಬಿಚ್ಚಿ ಕುಳಿತು ಬಿತ್ತನೆಯ ಹದ ಕಳೆದುಕೊಂಡವರ ಹೊಲಗಳನ್ನು ನೋಡುವ ಕೆಲಸ ನಮ್ಮದು. ಧಾರವಾಡದ ಕಡೆ ಮುಂಗಾರಿಗೆ ಜೂನ್, ಕೆಂಪು ಮಣ್ಣಿನ ಖುಷ್ಕಿ ರಾಗಿಗೆ ಜುಲೈ, ವಿಜಯಪುರದ ಎರೆ ಹೊಲಗಳ ಹಿಂಗಾರಿ ಜೋಳಕ್ಕೆ ಸೆಪ್ಟೆಂಬರ್ ಮಧ್ಯದಿಂದ ಅಕ್ಟೋಬರ್ ಮಧ್ಯದವರೆಗೆ ಬಿತ್ತನೆಯ ಕಾಲ. ಎರೆಭೂಮಿಯಲ್ಲಂತೂ ಮಳೆ ಬಿಟ್ಟ ಮೇಲೆ ಹದ ಸಿಗುವುದು ಕೆಲವೇ ದಿನ. ಅಂಥ ವೇಳೆಯಲ್ಲಿ ಗೇರ್ ಬಾಕ್ಸು ಕೈಕೊಟ್ಟರೆ ನೆರೆಯವರಿಂದಲೋ ಕೃಷಿ ಯಂತ್ರಧಾರೆ ಕೇಂದ್ರದಿಂದಲೋ ಬಾಡಿಗೆಗೆ ಗಾಡಿ ಪಡೆದು ಮೊದಲು ಬಿತ್ತನೆ ಮುಗಿಸಿರಿ. ಬಿಚ್ಚುವ ಕೆಲಸ ಆಮೇಲೆ ಇದ್ದೇ ಇದೆ. ಅವಸರದಲ್ಲಿ ಕೊಂಡ ಹಳೆಯ ಗೇರ್ ಬಾಕ್ಸು ಅಗ್ಗವಾಗುವುದು ಅಪರೂಪ.

ದೋಷ ಗೇರ್ ಬಾಕ್ಸಿನದೇ?

ಗೇರು ಹಾಕುವಾಗ ಕರಕರ ಸದ್ದಾದರೆ ಕೂಡಲೇ ಗೇರ್ ಬಾಕ್ಸು ಹೋಯಿತೆಂದು ತೀರ್ಮಾನಿಸಬಾರದು. ಕ್ಲಚ್ಚು ಪೂರ್ತಿ ಬಿಡದಿದ್ದರೂ ಇದೇ ಸದ್ದು ಬರುತ್ತದೆ. ಪೆಡಲಿನ ಸಡಿಲ ಚಲನೆ ಸಾಮಾನ್ಯವಾಗಿ 20ರಿಂದ 30 ಮಿ.ಮೀ. ಇರಬೇಕು. ನಿಮ್ಮ ಗಾಡಿಗೆ ಸರಿಯಾದ ಅಳತೆಯನ್ನು ಕೈಪಿಡಿಯಲ್ಲಿ ನೋಡಿ ಸರಿಪಡಿಸಿದ ಮೇಲೆ ಮತ್ತೆ ಪರೀಕ್ಷಿಸಿರಿ. ನ್ಯೂಟ್ರಲ್‌ನಲ್ಲಿ ಇದ್ದ ಸದ್ದು ಕ್ಲಚ್ಚು ತುಳಿದೊಡನೆ ನಿಂತರೆ ಗೇರ್ ಬಾಕ್ಸಿನ ಮುಂದಿನ ಶಾಫ್ಟಿನ ಬೇರಿಂಗನ್ನು ಶಂಕಿಸಬೇಕು. ತುಳಿದಾಗಲೇ ಸದ್ದು ಶುರುವಾದರೆ ಅದು ಕ್ಲಚ್ಚಿನ ರಿಲೀಸ್ ಬೇರಿಂಗಿನದು. ಗೇರು ತಾನಾಗಿ ಜಾರಿ ಬರುತ್ತಿದ್ದರೆ ಮೇಲಿನ ಮುಚ್ಚಳ ಬಿಚ್ಚಿ ಫೋರ್ಕು, ಗುಂಡು, ಸ್ಪ್ರಿಂಗುಗಳನ್ನು ನೋಡಿರಿ. ಇದಕ್ಕೆ ಗಾಡಿಯನ್ನು ತುಂಡು ಮಾಡಬೇಕಾಗಿಲ್ಲ. ಹಲ್ಲು ಮುರಿದಿದ್ದರೆ, ಶಾಫ್ಟು ಸವೆದಿದ್ದರೆ, ಹೌಸಿಂಗೇ ಸೀಳಿದ್ದರೆ ಮಾತ್ರ ಬದಲಾವಣೆಯ ಮಾತು.

ಕೊಳ್ಳುವಾಗ

ಗುಜರಿ ಅಂಗಡಿಯಲ್ಲಿ ಗೇರ್ ಬಾಕ್ಸಿನ ಹೊರಮೈ ನೋಡಿ ಪ್ರಯೋಜನವಿಲ್ಲ. ಕೆಲವರು ಡೀಸೆಲಿನಲ್ಲಿ ತೊಳೆದು ಬಣ್ಣ ಬಳಿದಿರುತ್ತಾರೆ. ತೊಳೆಯದೆ ಜಿಡ್ಡು ಹಿಡಿದಿರುವುದೇ ನನ್ನ ಮಟ್ಟಿಗೆ ಹೆಚ್ಚು ನಂಬಿಕೆಯದು, ಏಕೆಂದರೆ ಅದರೊಳಗಿನ ಎಣ್ಣೆ ಸಾಕ್ಷಿ ಹೇಳುತ್ತದೆ. ಕೆಳಗಿನ ಪ್ಲಗ್ಗನ್ನು ಬಿಚ್ಚಿ ಎಣ್ಣೆಯನ್ನು ಬೆರಳುಗಳ ನಡುವೆ ಉಜ್ಜಿ ನೋಡಿರಿ. ನುಣುಪಾದ ಬೂದಿಯಂಥ ಲೋಹದ ಹುಡಿ ಸ್ವಲ್ಪ ಇರುವುದು ಸಹಜ. ಚೂರು ಸಿಕ್ಕಿದರೆ ಬೇಡ. ಎಣ್ಣೆ ಹಾಲಿನಂತೆ ಬೆಳ್ಳಗಾಗಿದ್ದರೆ ನೀರು ಸೇರಿದೆ ಎಂದರ್ಥ. ಕೇಜ್ ವೀಲ್ ಕಟ್ಟಿ ಭತ್ತದ ಗದ್ದೆಯಲ್ಲಿ ಕೆಸರು ಮಾಡಿದ ಗಾಡಿಗಳಲ್ಲಿ ಸೀಲುಗಳು ಹಾಳಾಗಿ ಹೀಗಾಗುವುದುಂಟು. ಬೇರಿಂಗುಗಳು ತುಕ್ಕು ತಿಂದಿರುತ್ತವೆ. ಆ ಗಾಡಿ ಎಲ್ಲಿ ದುಡಿಯುತ್ತಿತ್ತೆಂದು ಕೇಳಿ ತಿಳಿಯುವುದು ಒಳ್ಳೆಯದು.

ಮೇಲಿನ ಮುಚ್ಚಳ ತೆಗೆಸಿ, ಪ್ರತಿಯೊಂದು ಹಲ್ಲನ್ನೂ ಬ್ಯಾಟರಿ ಬೆಳಕಿನಲ್ಲಿ ನೋಡಿರಿ. ಹಲ್ಲಿನ ಮೈಯಲ್ಲಿ ಸಿಡುಬಿನ ಕಲೆಯಂತೆ ಗುಳಿ ಬಿದ್ದಿದ್ದರೆ, ಅಂಚು ದುಂಡಗಾಗಿದ್ದರೆ ಅದರ ಆಯುಷ್ಯ ಮುಗಿಯುತ್ತ ಬಂದಿದೆ. ಶಾಫ್ಟನ್ನು ಕೈಯಿಂದ ಮೇಲೆ ಕೆಳಗೆ ಅಲುಗಿಸಿದಾಗ ಲಟಪಟ ಎನ್ನಬಾರದು. ಬೋಲ್ಟಿನ ಕಿವಿಗಳ ಸುತ್ತ ವೆಲ್ಡಿಂಗ್ ಗುರುತು ಕಂಡರೆ ಬಿಟ್ಟುಬಿಡಿ.

ಒಂದೇ ಹೆಸರಿನ ಟ್ರ್ಯಾಕ್ಟರನ್ನು ಬೇರೆ ಬೇರೆ ವರ್ಷಗಳಲ್ಲಿ ಬೇರೆ ಬೇರೆ ಗೇರುಗಳೊಂದಿಗೆ ಮಾಡಿರುವುದುಂಟು. ಆದ್ದರಿಂದ ನಿಮ್ಮ ಗೇರ್ ಬಾಕ್ಸಿನ ಎರಕದ ನಂಬರು, ಮುಂದಿನ ಶಾಫ್ಟಿನ ಗಾಡಿಗಳ ಎಣಿಕೆ, ಕ್ಲಚ್ಚು ಒಂಟಿಯೋ ಜೋಡಿಯೋ, ಬ್ರೇಕು ಎಣ್ಣೆಯಲ್ಲಿ ಮುಳುಗಿದ್ದೋ ಒಣದೋ ಎಲ್ಲವನ್ನೂ ಬರೆದುಕೊಂಡು ಹೋಗಿರಿ. ನಾಲ್ಕು ಚಕ್ರ ಚಾಲನೆಯ ಗಾಡಿಯಾದರೆ ಮುಂದಿನ ಮತ್ತು ಹಿಂದಿನ ಚಕ್ರಗಳ ಗೇರಿನ ಪ್ರಮಾಣ ಹೊಂದಲೇಬೇಕು. ಇಲ್ಲವಾದರೆ ಟೈರು ಸವೆಯುತ್ತದೆ, ಚಾಲನೆಯ ಭಾಗಗಳು ಮುರಿಯುತ್ತವೆ. ಒಂದೆರಡು ಗೇರು ಮಾತ್ರ ಬದಲಿಸುವವರು ಒಂದಕ್ಕೊಂದು ಕಚ್ಚುವ ಜೋಡಿಯನ್ನೇ ತರತಕ್ಕದ್ದು. ಕ್ರೌನ್ ವೀಲ್ ಮತ್ತು ಪಿನಿಯನ್ನುಗಳನ್ನು ಕಾರ್ಖಾನೆಯಲ್ಲಿಯೇ ಒಂದಕ್ಕೊಂದು ಉಜ್ಜಿ ಜೊತೆ ಮಾಡಿರುತ್ತಾರೆ. ಅವುಗಳ ಜೊತೆ ಮುರಿಯಲೇಕೂಡದು.

ಚಾಸಿ ನಂಬರಿನ ತೊಡಕು

ಬಹಳ ಮಂದಿ ಅರಿಯದ ವಿಷಯವೊಂದಿದೆ. ಚೌಕಟ್ಟಿಲ್ಲದ ಟ್ರ್ಯಾಕ್ಟರುಗಳಲ್ಲಿ ಚಾಸಿ ನಂಬರನ್ನು ಕ್ಲಚ್ ಹೌಸಿಂಗಿನ ಮೇಲೋ ಗೇರ್ ಬಾಕ್ಸಿನ ಮೇಲೋ ಕೊರೆದಿರುವುದುಂಟು. ಅದನ್ನೇ ಬದಲಿಸಿದರೆ ನಿಮ್ಮ ಗಾಡಿಯ ನಂಬರು ಆರ್.ಸಿ. ಪುಸ್ತಕಕ್ಕೆ ತಾಳೆಯಾಗುವುದಿಲ್ಲ. ಗಾಡಿ ಮಾರುವಾಗ, ವಿಮೆ ಕೇಳುವಾಗ, ಬ್ಯಾಂಕಿನ ಸಾಲವಿದ್ದಾಗ ಇದು ದೊಡ್ಡ ತಲೆನೋವು. ನಂಬರನ್ನು ಅರದಿಂದ ಉಜ್ಜಿ ಬೇರೆ ಕೊರೆಸುವ ಸಲಹೆ ಕೊಡುವವರೂ ಇದ್ದಾರೆ. ಅದು ಅಪರಾಧ. ನಿಮ್ಮ ಹೌಸಿಂಗು ಗಟ್ಟಿಯಾಗಿದ್ದರೆ ಅದನ್ನೇ ಉಳಿಸಿಕೊಂಡು, ತಂದ ಗೇರ್ ಬಾಕ್ಸಿನ ಒಳಭಾಗಗಳನ್ನು ಅದಕ್ಕೆ ಕೂರಿಸುವುದು ಉತ್ತಮ ಮಾರ್ಗ. ಹೌಸಿಂಗೇ ಸೀಳಿದ್ದರೆ ಕೆಲಸಕ್ಕೆ ಮೊದಲು ಆರ್.ಟಿ.ಓ. ಕಚೇರಿಯಲ್ಲಿ ವಿಚಾರಿಸಿ ಒಪ್ಪಿಗೆ ಪಡೆಯಿರಿ. ಕೊಂಡ ಮಾಲಿಗೆ ಅಂಗಡಿಯವರ ವಿಳಾಸವಿರುವ ರಸೀದಿ ಬೇಕೇ ಬೇಕು. ಕದ್ದ ಗಾಡಿಯ ಭಾಗವೂ ಗುಜರಿಗೆ ಬರುತ್ತದೆ.

ಬಿಡಿಸುವಾಗ

ಗಟ್ಟಿ, ಸಮತಟ್ಟಾದ ನೆಲ ಬೇಕು. ಬೇಸಿಗೆಯ ಕಣ ಗಟ್ಟಿಯಾಗಿ ಕಂಡರೂ ಜಾಕಿನ ಕೆಳಗೆ ಕುಸಿಯುತ್ತದೆ, ಆದ್ದರಿಂದ ಅಗಲವಾದ ದಪ್ಪ ಹಲಗೆ ಹಾಕಿರಿ. ಹೈಡ್ರಾಲಿಕ್ ಜಾಕಿನ ಸೀಲು ಸೋರಿ ಅದು ನಿಧಾನವಾಗಿ ಇಳಿಯುವುದುಂಟು. ಜಾಕಿನಿಂದ ಎತ್ತಬಹುದು, ಆದರೆ ಭಾರವನ್ನು ಹೊರಬೇಕಾದದ್ದು ಅಡ್ಡಡ್ಡಲಾಗಿ ಪೇರಿಸಿದ ಮರದ ದಿಮ್ಮಿಗಳು. ಇಟ್ಟಿಗೆ, ಟೊಳ್ಳು ಸಿಮೆಂಟು ಬ್ಲಾಕುಗಳನ್ನು ಇಡಕೂಡದು. ಅವು ಮುನ್ಸೂಚನೆಯಿಲ್ಲದೆ ಒಡೆಯುತ್ತವೆ.

ಎಲ್ಲಕ್ಕಿಂತ ಅಪಾಯದ ಸ್ಥಳ ಮುಂದಿನ ಆಕ್ಸಲ್ಲು. ಹಳ್ಳದಿಣ್ಣೆಯಲ್ಲಿ ನಾಲ್ಕೂ ಚಕ್ರಗಳು ನೆಲ ಕಚ್ಚಿರಲೆಂದು ಅದನ್ನು ನಡುವಿನ ಒಂದೇ ಪಿನ್ನಿನ ಮೇಲೆ ತಕ್ಕಡಿಯಂತೆ ತೂಗುಹಾಕಿರುತ್ತಾರೆ. ಗಾಡಿ ಇಡಿಯಾಗಿರುವಾಗ ಹಿಂದಿನ ಅರ್ಧ ಎಂಜಿನ್ನನ್ನು ನೆಟ್ಟಗೆ ಹಿಡಿದಿರುತ್ತದೆ. ಕೊನೆಯ ಬೋಲ್ಟು ಬಿಚ್ಚಿದೊಡನೆ ಹಿಡಿಯುವವರಿಲ್ಲದೆ ಎಂಜಿನ್ನು ಪಕ್ಕಕ್ಕೆ ಉರುಳುತ್ತದೆ. ಆದ್ದರಿಂದ ಬೋಲ್ಟು ಮುಟ್ಟುವ ಮೊದಲೇ ಆಕ್ಸಲ್ಲಿಗೂ ಅದರ ಮೇಲಿನ ಬ್ರಾಕೆಟ್ಟಿಗೂ ನಡುವೆ ಎಡಬಲ ಎರಡೂ ಕಡೆ ಗಟ್ಟಿ ಮರದ ಬೆಣೆಗಳನ್ನು ಬಡಿಯಬೇಕು. ಒಂದೇ ಕಡೆ ಬಡಿದರೆ ಸಾಲದು. ಎಂಜಿನ್ನಿನ ಹಿಂಭಾಗದ ಕೆಳಗೂ, ಹಿಂದಿನ ಅರ್ಧದ ಮುಂಭಾಗದ ಕೆಳಗೂ ದಿಮ್ಮಿಗಳಿರಲಿ. ಹಿಂದಿನ ಚಕ್ರಗಳಿಗೆ ಮುಂದೆ ಹಿಂದೆ ಅಡ್ಡೆ ಕೊಡಿ.

ಬ್ಯಾಟರಿಯ ತಂತಿ ಬಿಚ್ಚಿ, ಎಣ್ಣೆ ಇಳಿಸಿ, ವೈರು, ಪೈಪು, ಸ್ಟೇರಿಂಗ್ ಕೊಂಡಿಗಳನ್ನು ಗುರುತು ಹಾಕಿ ತೆಗೆಯುವುದು ಮೆಕ್ಯಾನಿಕನಿಗೆ ಗೊತ್ತಿರುವ ಕೆಲಸ. ಗೇರ್ ಬಾಕ್ಸನ್ನು ಎತ್ತಲು ಚೈನ್ ಪುಲ್ಲಿ ಬೇಕು. ಅದನ್ನು ಮನೆಯ ತೊಲೆಗೆ ಕಟ್ಟಬೇಡಿ, ಕಬ್ಬಿಣದ ಮೂರು ಕಾಲಿನ ಕತ್ತರಿ ಬಾಡಿಗೆಗೆ ಸಿಗುತ್ತದೆ. ತೂಗುವ ಭಾರದ ಕೆಳಗೆ ಯಾರೂ ಕೈಯಿಡಬಾರದು. ಮಕ್ಕಳನ್ನು ಅಂಗಳಕ್ಕೆ ಬಿಡಬಾರದು.

ಕೂಡಿಸುವಾಗ

ಗಾಡಿ ತೆರೆದಿರುವಾಗ ರಿಲೀಸ್ ಬೇರಿಂಗು, ಫ್ಲೈವೀಲಿನ ನಡುವಿನ ಚಿಕ್ಕ ಬೇರಿಂಗು, ಆಯಿಲ್ ಸೀಲುಗಳು, ಗ್ಯಾಸ್ಕೆಟ್ಟುಗಳನ್ನು ಹೊಸದಾಗಿ ಹಾಕಿಸಿರಿ. ಇವುಗಳಲ್ಲಿ ಉಳಿತಾಯ ಮಾಡಿದರೆ ಅವುಗಳಿಗಾಗಿಯೇ ಮತ್ತೊಮ್ಮೆ ಗಾಡಿ ಬಿಡಿಸಬೇಕಾಗುತ್ತದೆ. ಕ್ಲಚ್ ಪ್ಲೇಟನ್ನು ನಡುವಿಗೆ ಸರಿಯಾಗಿ ಕೂರಿಸಲು ಕೆಟ್ಟ ಗೇರ್ ಬಾಕ್ಸಿನ ಮುಂದಿನ ಶಾಫ್ಟೇ ಒಳ್ಳೆಯ ಸಾಧನ. ಎರಡು ಉದ್ದ ಬೋಲ್ಟುಗಳ ತಲೆ ಕತ್ತರಿಸಿ ಎದುರುಬದುರಿನ ತೂತುಗಳಿಗೆ ತಿರುಗಿಸಿಟ್ಟರೆ ಎರಡು ಅರ್ಧಗಳೂ ಅವುಗಳ ಮೇಲೆ ನೇರವಾಗಿ ಜಾರಿ ಬರುತ್ತವೆ.

ಎರಡೂ ಮೈಗಳು ಕೈಯ ಬಲದಿಂದಲೇ ಕೂಡಬೇಕು. ಬೆರಳಿನಷ್ಟು ಸಂದು ಉಳಿದರೆ ಬೋಲ್ಟು ಬಿಗಿದು ಎಳೆಯುವ ಆಸೆ ಎಲ್ಲರಿಗೂ ಬರುತ್ತದೆ. ಹಾಗೆ ಎಳೆದರೆ ಕ್ಲಚ್ ಪ್ಲೇಟಿನ ನಡುಭಾಗ ಬಾಗುತ್ತದೆ, ಇಲ್ಲವೇ ಹೌಸಿಂಗಿನ ಕಿವಿ ಮುರಿಯುತ್ತದೆ. ಫ್ಲೈವೀಲನ್ನು ತುಸುತುಸುವೇ ತಿರುಗಿಸುತ್ತ ತಳ್ಳಿದರೆ ಶಾಫ್ಟಿನ ಗಾಡಿಗಳು ಹೊಂದಿಕೊಂಡು ಸಂದು ತಾನೇ ಮುಚ್ಚುತ್ತದೆ. ಆಮೇಲೆ ಎಲ್ಲ ಬೋಲ್ಟುಗಳನ್ನೂ ಎದುರುಬದುರಾಗಿ ಬಿಗಿಯಿರಿ. ಬೆಣೆಗಳನ್ನು ತೆಗೆಯುವುದು ಕೊನೆಯಲ್ಲಿ.

ಎಣ್ಣೆ ಯಾವುದೆಂದು ಕೈಪಿಡಿ ನೋಡಿಯೇ ಹಾಕಿರಿ. ಹಲವು ಮಾದರಿಗಳಲ್ಲಿ ಗೇರು, ಹೈಡ್ರಾಲಿಕ್ಕು, ಬ್ರೇಕು ಮೂರಕ್ಕೂ ಒಂದೇ ಎಣ್ಣೆ. ಎಣ್ಣೆಯಲ್ಲಿ ಮುಳುಗಿದ ಬ್ರೇಕಿರುವ ಗಾಡಿಗೆ ಸಾಮಾನ್ಯ ಗೇರ್ ಎಣ್ಣೆ ಸುರಿದರೆ ಬ್ರೇಕು ಹಿಡಿಯದೆ ಹೋಗಬಹುದು. ಮೊದಲ ದಿನ ನ್ಯೂಟ್ರಲ್‌ನಲ್ಲಿ ಕಾಲು ಗಂಟೆ ಓಡಿಸಿ ಸೋರಿಕೆ, ಶಾಖ ಗಮನಿಸಿರಿ. ಬ್ರೇಕನ್ನು ಅಂಗಳದಲ್ಲಿಯೇ ಪರೀಕ್ಷಿಸಿ, ಆಮೇಲೆ ಖಾಲಿ ಟ್ರೈಲರಿನೊಡನೆ ರಸ್ತೆಗೆ ಇಳಿಯಿರಿ. ನೇಗಿಲು, ರೋಟವೇಟರು ಕೆಲ ದಿನ ಬೇಡ. ಸುಮಾರು 25 ಗಂಟೆಗಳ ಕೆಲಸವಾದ ಮೇಲೆ ಪ್ಲಗ್ಗು ಬಿಚ್ಚಿ ಚೂರು ಬಂದಿದೆಯೇ ಎಂದು ನೋಡಿ ಎಣ್ಣೆ ಬದಲಿಸುವುದು ಲೇಸು. ತೆಗೆದ ಎಣ್ಣೆಯನ್ನು ಬದುವಿಗೂ ಬಾವಿಯ ಬಳಿಗೂ ಚೆಲ್ಲದೆ ಡಬ್ಬಿಯಲ್ಲಿ ತುಂಬಿ, ಹಳೆಯ ಎಣ್ಣೆ ಕೊಳ್ಳುವವರಿಗೆ ಕೊಡಿ.