ಪ್ರವೇಶ ಪರೀಕ್ಷೆಯೂ ವೇಳೆಯ ಆಯವ್ಯಯವೂ

ಬಿ.ಎ. ತರಗತಿಯ ಕೊನೆಯ ವರ್ಷಕ್ಕೆ ಕಾಲಿಟ್ಟ ವಿದ್ಯಾರ್ಥಿಗೆ ‘ಮುಂದೇನು?’ ಎಂಬ ಪ್ರಶ್ನೆ ತಾನಾಗಿಯೇ ಎದುರಾಗುತ್ತದೆ. ಬಿ.ಎಡ್., ಎಂ.ಎ., ಕಾನೂನು, ಸರ್ಕಾರಿ ನೌಕರಿಯ ಪರೀಕ್ಷೆಗಳು, ಇವು ನಮಗೆ ಪರಿಚಿತವಾದ ದಾರಿಗಳು. ವ್ಯವಹಾರ ನಿರ್ವಹಣ ಶಾಸ್ತ್ರದ ದಾರಿ ಮಾತ್ರ ಎಂಜಿನಿಯರಿಂಗ್ ಮತ್ತು ವಾಣಿಜ್ಯ ಪದವೀಧರರಿಗೆ ಮೀಸಲೆಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಈ ಭಾವನೆಗೆ ಆಧಾರವಿಲ್ಲ. ಐ.ಐ.ಎಂ. ಸಂಸ್ಥೆಗಳು ಸರದಿಯ ಮೇಲೆ ನಡೆಸುವ ‘ಕ್ಯಾಟ್’ ಪರೀಕ್ಷೆಗೆ ಯಾವ ವಿಷಯದ ಪದವಿಯಾದರೂ ಸಲ್ಲುತ್ತದೆ. ಶೇಕಡ 50 ಅಂಕಗಳಿದ್ದರೆ ಸಾಕು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಮತ್ತು ಅಂಗವಿಕಲ ಅಭ್ಯರ್ಥಿಗಳಿಗೆ ಶೇಕಡ 45. ಕೊನೆಯ ವರ್ಷದಲ್ಲಿ ಓದುತ್ತಿರುವವರೂ ಪರೀಕ್ಷೆಗೆ ಕುಳಿತುಕೊಳ್ಳಬಹುದು. ಬೇರೆ ಬೇರೆ ವಿಷಯಗಳನ್ನು ಓದಿದವರು ತರಗತಿಯಲ್ಲಿರಲಿ ಎಂಬ ಉದ್ದೇಶದಿಂದ ಆಯ್ಕೆಯ ಸಮಯದಲ್ಲಿ ಇದಕ್ಕೆ ಬೆಲೆ ಕೊಡುವ ಸಂಸ್ಥೆಗಳೂ ಉಂಟು. ನಮ್ಮ ರಾಜ್ಯದ ಕಾಲೇಜುಗಳಲ್ಲಿ ಎಂ.ಬಿ.ಎ. ಸೇರಬಯಸುವವರಿಗೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಪಿ.ಜಿ.ಸಿ.ಇ.ಟಿ. ಇದೆ. ಆದಕಾರಣ ಬಾಗಿಲು ಮುಚ್ಚಿಲ್ಲ. ನಮಗಿರುವ ನಿಜವಾದ ಕೊರತೆ ವೇಳೆಯದು. ಆ ವೇಳೆಯನ್ನು ಹೇಗೆ ಹೊಂದಿಸಿಕೊಳ್ಳಬೇಕೆಂಬುದೇ ಈ ಲೇಖನದ ವಿಷಯ.

ಮೊದಲು ಪರೀಕ್ಷೆಯ ಸ್ವರೂಪವನ್ನು ತಿಳಿಯೋಣ. ಕ್ಯಾಟ್ ಸಾಮಾನ್ಯವಾಗಿ ನವೆಂಬರ್ ತಿಂಗಳ ಕೊನೆಯ ಭಾನುವಾರ ನಡೆಯುತ್ತದೆ. 2009ರಿಂದ ಇದು ಕಂಪ್ಯೂಟರಿನ ಮೇಲೆ ನಡೆಯುವ ಪರೀಕ್ಷೆ. 2015ರಿಂದ 2019ರವರೆಗೆ ಮೂರು ಗಂಟೆಗಳ ಅವಧಿಯಿತ್ತು. 2020ರಲ್ಲಿ ಅದನ್ನು ಎರಡು ಗಂಟೆಗಳಿಗೆ ಇಳಿಸಲಾಯಿತು. ಇಂಗ್ಲಿಷ್ ಭಾಷೆ ಮತ್ತು ಗ್ರಹಿಕೆ, ಅಂಕಿಅಂಶ ಮತ್ತು ತರ್ಕ, ಗಣಿತ ಎಂಬ ಮೂರು ಭಾಗಗಳಿಗೆ ತಲಾ 40 ನಿಮಿಷ. ಒಂದರಲ್ಲಿ ಉಳಿಸಿದ ಸಮಯವನ್ನು ಇನ್ನೊಂದಕ್ಕೆ ಬಳಸುವಂತಿಲ್ಲ. 2024ರ ಪರೀಕ್ಷೆಯಲ್ಲಿ ಈ ಭಾಗಗಳಿಗೆ ಕ್ರಮವಾಗಿ 24, 22 ಮತ್ತು 22 ಪ್ರಶ್ನೆಗಳಿದ್ದವು. ಗಣಿತದ ಒಂದು ಪ್ರಶ್ನೆಗೆ ಎರಡು ನಿಮಿಷವೂ ಪೂರ್ತಿ ದೊರೆಯುವುದಿಲ್ಲವೆಂಬುದನ್ನು ಓದುಗರು ಗಮನಿಸಬೇಕು. ಆದರೆ ಆ ಗಣಿತದ ಬಹುಭಾಗ ನಾವು ಪ್ರೌಢಶಾಲೆಯಲ್ಲಿ ಕಲಿತದ್ದೇ: ಶೇಕಡ, ಅನುಪಾತ, ಲಾಭ-ನಷ್ಟ, ಕಾಲ-ವೇಗ-ದೂರ, ಸಮೀಕರಣ, ರೇಖಾಗಣಿತ. ಎಸ್.ಎಸ್.ಎಲ್.ಸಿ.ಯ ನಂತರ ಲೆಕ್ಕದ ಪುಸ್ತಕವನ್ನು ಅಟ್ಟಕ್ಕೆ ಹಾಕಿದವರು ಅದನ್ನು ಇಳಿಸಿ ಧೂಳು ಕೊಡವಿದರೆ ಅರ್ಧ ಕೆಲಸವಾದಂತೆ. ಇನ್ನು ಮೊದಲನೆಯ ಭಾಗದಲ್ಲಿ, ಅದೇ 2024ರಲ್ಲಿ, 24 ಪ್ರಶ್ನೆಗಳ ಪೈಕಿ 16 ಗದ್ಯಭಾಗಗಳನ್ನು ಓದಿ ಉತ್ತರಿಸುವಂಥವು. ಇತಿಹಾಸ, ಸಮಾಜ, ಕಲೆ, ತತ್ತ್ವ ಮೊದಲಾದ ವಿಷಯಗಳ ಮೇಲಿನ ಬರಹಗಳು ಇಲ್ಲಿ ಬರುತ್ತವೆ. ಇವುಗಳ ವಿಚಾರ ಕಲಾ ವಿದ್ಯಾರ್ಥಿಗೆ ಹೊಸದಲ್ಲ. ಹೊಸದಾಗಿರಬಹುದಾದದ್ದು ಇಂಗ್ಲಿಷನ್ನು ವೇಗವಾಗಿ ಓದುವ ರೂಢಿ ಮಾತ್ರ.

ಈಗ ಆಯವ್ಯಯಕ್ಕೆ ಬರೋಣ. ಮನೆಯ ಯಜಮಾನನು ತಿಂಗಳ ಸಂಬಳವನ್ನು ಖರ್ಚುಗಳಿಗೆ ಹಂಚುವಂತೆ ವಿದ್ಯಾರ್ಥಿಯೂ ವಾರದ ಗಂಟೆಗಳನ್ನು ಹಂಚಿ ನೋಡಬೇಕು. ಒಂದು ವಾರಕ್ಕೆ 168 ಗಂಟೆ. ದಿನಕ್ಕೆ 7ರಂತೆ ನಿದ್ರೆಗೆ 49. ಕಾಲೇಜಿಗೆ ವಾರದ ಆರು ದಿನ 6ರಂತೆ 36. ಹಳ್ಳಿಯಿಂದ ಬಂದುಹೋಗುವವರಿಗೆ ಬಸ್ಸಿನ ಪ್ರಯಾಣ ದಿನಕ್ಕೆ 2ರಂತೆ 12. ಸ್ನಾನ, ಊಟ ಮುಂತಾದುವಕ್ಕೆ ದಿನಕ್ಕೆ 3ರಂತೆ 21. ಪದವಿಯ ಪಾಠಗಳನ್ನು ಓದಿಕೊಳ್ಳಲು ದಿನಕ್ಕೆ 2ರಂತೆ 14. ಮನೆಗೆಲಸ, ಹೊಲ ಅಥವಾ ಅಂಗಡಿಯ ಕೆಲಸ, ನೆಂಟರಿಷ್ಟರು, ಇವಕ್ಕೆ 10. ಆಟ, ಹರಟೆ, ವಿಶ್ರಾಂತಿಗೆ 8. ಒಟ್ಟು 150 ಗಂಟೆ ಖರ್ಚಾಗಿ 18 ಗಂಟೆ ಉಳಿಯುತ್ತದೆ. ಜೂನ್ ಮೊದಲ ವಾರದಲ್ಲಿ ಪ್ರಾರಂಭಿಸಿದರೆ ಪರೀಕ್ಷೆಗೆ ಸುಮಾರು 25 ವಾರ. ಎಂದರೆ 450 ಗಂಟೆ.

ಈ 450ನ್ನು ಕಂಡು ಹಿಗ್ಗಬಾರದು. ಮನುಷ್ಯನು ತನ್ನ ಕೆಲಸಕ್ಕೆ ಬೇಕಾಗುವ ಕಾಲವನ್ನು ಸಾಮಾನ್ಯವಾಗಿ ಕಡಿಮೆಯಾಗಿಯೇ ಅಂದಾಜು ಮಾಡುತ್ತಾನೆಂದು ಮನಶ್ಶಾಸ್ತ್ರಜ್ಞರಾದ ಕಾನೆಮನ್ ಮತ್ತು ಟ್ವರ್ಸ್ಕಿ 1979ರಲ್ಲಿ ತೋರಿಸಿಕೊಟ್ಟರು. 1994ರಲ್ಲಿ ಪ್ರಕಟವಾದ ಬ್ಯೂಲರ್ ಮತ್ತು ಸಂಗಡಿಗರ ಅಧ್ಯಯನದಲ್ಲಿ ಕೊನೆಯ ವರ್ಷದ ವಿದ್ಯಾರ್ಥಿಗಳು ತಮ್ಮ ಪ್ರಬಂಧವನ್ನು ಸರಾಸರಿ 34 ದಿನಗಳಲ್ಲಿ ಮುಗಿಸುವೆವೆಂದು ಹೇಳಿದ್ದರು. ಹಿಡಿದದ್ದು ಸುಮಾರು 55 ದಿನ. ನಮ್ಮಲ್ಲಾದರೋ ಗೌರಿ-ಗಣೇಶ, ದಸರಾ, ದೀಪಾವಳಿಗಳೆಲ್ಲ ಈ ಅವಧಿಯಲ್ಲಿಯೇ ಬರುತ್ತವೆ. ಕಿರುಪರೀಕ್ಷೆ, ಜ್ವರ, ಮನೆಯ ಮದುವೆ ಹೇಳಿಕೇಳಿ ಬರುವುದಿಲ್ಲ. ಆದ್ದರಿಂದ ಮೂರನೆಯ ಒಂದು ಭಾಗವನ್ನು ಮೊದಲೇ ಕಳೆದುಬಿಡಬೇಕು. ಉಳಿದ 300 ಗಂಟೆಯೇ ನಮ್ಮ ನಿಜವಾದ ಬಂಡವಾಳ.

ಈ ಬಂಡವಾಳವನ್ನು ಹೀಗೆ ಹೂಡಬಹುದು: ಗಣಿತಕ್ಕೆ 110 ಗಂಟೆ, ಇಂಗ್ಲಿಷ್ ಓದಿಗೆ 60, ಅಂಕಿಅಂಶ ಮತ್ತು ತರ್ಕಕ್ಕೆ 60, ಮಾದರಿ ಪರೀಕ್ಷೆಗಳಿಗೆ 70. ಕೊನೆಯ ಬಾಬ್ತು ಕೆಲವರಿಗೆ ದುಂದು ಎನಿಸೀತು. ಒಂದು ಮಾದರಿ ಪರೀಕ್ಷೆ ಬರೆಯಲು 2 ಗಂಟೆ, ಅದರ ತಪ್ಪುಗಳನ್ನು ಪರಿಶೀಲಿಸಲು 3 ಗಂಟೆ. ಹೀಗೆ 14 ಪರೀಕ್ಷೆಗಳಿಗೆ 70 ಗಂಟೆ. ಬರೆದು ಅಂಕ ನೋಡಿ ಮಡಿಸಿಡುವ ಪರೀಕ್ಷೆಯಿಂದ ಪ್ರಯೋಜನ ಅಲ್ಪ. ಯಾವ ಲೆಕ್ಕ ಬಾರದೆ ಹೋಯಿತು, ಯಾವುದು ಬಂದರೂ ಅವಸರದಲ್ಲಿ ತಪ್ಪಿತು, ಯಾವುದನ್ನು ಮುಟ್ಟದೆ ಬಿಡಬೇಕಾಗಿತ್ತು ಎಂದು ಮೂರು ಪಟ್ಟಿ ಮಾಡಿದಾಗಲೇ ಮುಂದಿನ ವಾರದ ಓದು ಯಾವುದೆಂದು ತಿಳಿಯುವುದು.

ಗಂಟೆಗಳ ಸಂಖ್ಯೆಯಷ್ಟೇ ಅವನ್ನು ಬಳಸುವ ರೀತಿಯೂ ಮುಖ್ಯ. ಮೂರು ಮಾತುಗಳನ್ನು ಇಲ್ಲಿ ಹೇಳಬೇಕು. ಮೊದಲನೆಯದು, ಓದಿದ್ದನ್ನೇ ಮತ್ತೆ ಓದುವುದಕ್ಕಿಂತ ಪುಸ್ತಕ ಮುಚ್ಚಿ ತನಗೆ ತಾನೇ ಪ್ರಶ್ನೆ ಹಾಕಿಕೊಳ್ಳುವುದು ಮೇಲು. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ಎಂಬವರು ಇದನ್ನು ಪರೀಕ್ಷಿಸಿದರು. ಐದು ನಿಮಿಷ ಕಳೆದು ಕೇಳಿದಾಗ ಮತ್ತೆ ಮತ್ತೆ ಓದಿದವರದೇ ಮೇಲುಗೈ. ಆದರೆ ವಾರ ಕಳೆದು ಕೇಳಿದಾಗ, ಪರೀಕ್ಷೆ ಕೊಟ್ಟುಕೊಂಡವರೇ ಹೆಚ್ಚು ನೆನಪಿಟ್ಟುಕೊಂಡಿದ್ದರು. ಎರಡನೆಯದು, ಭಾನುವಾರ ಒಂದೇ ಸಮನೆ ಆರು ಗಂಟೆ ಓದುವುದಕ್ಕಿಂತ ಆರು ದಿನ ಒಂದೊಂದು ಗಂಟೆ ಓದುವುದು ಹೆಚ್ಚು ಕಾಲ ನಿಲ್ಲುತ್ತದೆ. ಹಂಚಿ ಕಲಿಯುವುದರ ಲಾಭವನ್ನು ಜರ್ಮನಿಯ ಎಬ್ಬಿಂಗ್‌ಹೌಸ್ 1885ರಷ್ಟು ಹಿಂದೆಯೇ ಗುರುತಿಸಿದ್ದನು. ಮೂರನೆಯದು, ಲೆಕ್ಕಗಳನ್ನು ಕಲಸಿ ಮಾಡಬೇಕು. 2007ರಲ್ಲಿ ರೋರರ್ ಮತ್ತು ಟೇಲರ್ ನಡೆಸಿದ ಪ್ರಯೋಗದಲ್ಲಿ, ಒಂದು ಬಗೆಯ ಲೆಕ್ಕವನ್ನೇ ಒಟ್ಟಿಗೆ ಮಾಡಿದವರು ಅಭ್ಯಾಸದ ವೇಳೆ ಶೇಕಡ 89ರಷ್ಟು ಸರಿಯಾಗಿಯೂ, ಕಲಸಿ ಮಾಡಿದವರು ಶೇಕಡ 60ರಷ್ಟು ಮಾತ್ರ ಸರಿಯಾಗಿಯೂ ಮಾಡಿದರು. ವಾರದ ನಂತರ ಪರೀಕ್ಷಿಸಿದಾಗ ಮೊದಲಿನವರು ಶೇಕಡ 20ಕ್ಕೆ ಇಳಿದರು. ಎರಡನೆಯವರು ಶೇಕಡ 63ರಲ್ಲಿ ನಿಂತರು. ಕಾರಣ ಸ್ಪಷ್ಟ. ಶೇಕಡದ ಅಧ್ಯಾಯದಲ್ಲಿ ಕುಳಿತವನಿಗೆ ಇದು ಶೇಕಡದ ಲೆಕ್ಕವೆಂದು ಮೊದಲೇ ಗೊತ್ತು. ಪರೀಕ್ಷೆಯ ಮಂದಿರದಲ್ಲಿ ಅದನ್ನು ಯಾರೂ ಹೇಳಿಕೊಡುವುದಿಲ್ಲ. ಅಭ್ಯಾಸದಲ್ಲಿ ಎಡವುವುದಕ್ಕೆ ನಾಚಬೇಕಾಗಿಲ್ಲ.

ಬಸ್ಸಿನ ಹನ್ನೆರಡು ಗಂಟೆಗಳನ್ನು ನಾವು ಬಂಡವಾಳಕ್ಕೆ ಸೇರಿಸಲಿಲ್ಲ. ನಿಂತು ಪ್ರಯಾಣ ಮಾಡುವವನಿಂದ ಲೆಕ್ಕ ಬಿಡಿಸಲಾಗದು. ಆದರೆ 30ರವರೆಗಿನ ವರ್ಗಗಳನ್ನು, ಏಳನೆಯ ಒಂದು ಭಾಗವೆಂದರೆ ಸುಮಾರು ಶೇಕಡ 14.28 ಎಂಬಂಥ ಕೋಷ್ಟಕಗಳನ್ನು ಬಾಯಿಪಾಠ ಮಾಡಬಹುದು. ಕುಳಿತುಕೊಳ್ಳಲು ಜಾಗ ಸಿಕ್ಕಿದ ದಿನ ಇಂಗ್ಲಿಷ್ ಪತ್ರಿಕೆಯ ಸಂಪಾದಕೀಯವನ್ನು ಓದಬಹುದು. ಹನಿಗೂಡಿದರೆ ಹಳ್ಳ.

ಪರೀಕ್ಷೆಯ ದಿನವೂ ವೇಳೆಯ ಲೆಕ್ಕ ಬಿಡದು. ಸರಿಯುತ್ತರಕ್ಕೆ 3 ಅಂಕ. ಆಯ್ಕೆಗಳಿರುವ ಪ್ರಶ್ನೆಗೆ ತಪ್ಪು ಉತ್ತರ ಕೊಟ್ಟರೆ 1 ಅಂಕ ಕಳೆಯುತ್ತಾರೆ. ನಾಲ್ಕು ಆಯ್ಕೆಗಳಲ್ಲಿ ಕಣ್ಣುಮುಚ್ಚಿ ಒಂದನ್ನು ಒತ್ತಿದರೆ, ನಾಲ್ಕು ಸಲಕ್ಕೆ ಒಮ್ಮೆ 3 ಬಂದು ಮೂರು ಸಲ ಒಂದೊಂದು ಹೋಗಿ, ಸರಾಸರಿ ಸೊನ್ನೆ. ಒಂದು ಆಯ್ಕೆಯನ್ನಾದರೂ ಖಂಡಿತವಾಗಿ ತಳ್ಳಿಹಾಕಲು ಬಂದರೆ ಮಾತ್ರ ಊಹೆಯಿಂದ ಅಲ್ಪಸ್ವಲ್ಪ ಲಾಭವಿದೆ. ಉತ್ತರವನ್ನು ತಾನೇ ಬರೆಯಬೇಕಾದ ಪ್ರಶ್ನೆಗಳಲ್ಲಿ ತಪ್ಪಿಗೆ ದಂಡವಿಲ್ಲ. ಅವನ್ನು ಖಾಲಿ ಬಿಡಬಾರದು. ಎರಡು ನಿಮಿಷದಲ್ಲಿ ದಾರಿ ಕಾಣದ ಲೆಕ್ಕವನ್ನು ಹಟ ಹಿಡಿದು ಮುಂದುವರಿಸುವವನು, ಕೈಗೆಟಕುವ ಇನ್ನೆರಡು ಲೆಕ್ಕಗಳನ್ನು ಕಳೆದುಕೊಳ್ಳುತ್ತಾನೆ. ಬಿಡುವುದನ್ನು ಕಲಿಯುವುದೂ ಅಭ್ಯಾಸದ ಒಂದು ಭಾಗವೇ.

ಕೊನೆಯದಾಗಿ ಒಂದು ಎಚ್ಚರಿಕೆ. ವೇಳೆ ಸಾಲದೆಂದು ಪದವಿಯ ಓದಿಗೆ ಮೀಸಲಿಟ್ಟ 14 ಗಂಟೆಗಳಿಗೆ ಕೈಹಾಕುವ ಆಸೆ ಹಲವರಿಗೆ ಬರುತ್ತದೆ. ಇದು ಬೀಜದ ಕಾಳನ್ನು ಉಂಡಂತೆ. ಪ್ರವೇಶ ಪರೀಕ್ಷೆಯ ಅಂಕಗಳೊಂದಿಗೆ ಹತ್ತನೆಯ ತರಗತಿ, ಪಿ.ಯು.ಸಿ. ಮತ್ತು ಪದವಿಯ ಅಂಕಗಳನ್ನೂ ಅನೇಕ ಸಂಸ್ಥೆಗಳು ಆಯ್ಕೆಯಲ್ಲಿ ಪರಿಗಣಿಸುತ್ತವೆ. ಸಂದರ್ಶನಕ್ಕೆ ಕರೆ ಬಂದರೆ ಅಲ್ಲಿ ಕೇಳುವುದು ನಾವು ಓದಿದ ಇತಿಹಾಸ, ಅರ್ಥಶಾಸ್ತ್ರ, ಸಮಾಜಶಾಸ್ತ್ರಗಳನ್ನೇ. ತನ್ನ ವಿಷಯದಲ್ಲಿಯೇ ತಡವರಿಸುವ ಅಭ್ಯರ್ಥಿಯನ್ನು ಶೇಕಡ-ಅನುಪಾತಗಳು ಅಲ್ಲಿ ಕಾಪಾಡಲಾರವು. ಕರೆ ಬಾರದಿದ್ದರೂ, ಒಳ್ಳೆಯ ಪದವಿ ಕೈಯಲ್ಲಿದ್ದವನಿಗೆ ಮೊದಲು ಹೇಳಿದ ಬೇರೆ ದಾರಿಗಳೆಲ್ಲ ತೆರೆದೇ ಇರುತ್ತವೆ. ವೇಳೆ ಇನ್ನೂ ಬೇಕೆನಿಸಿದರೆ ಆಟ ಹರಟೆಗಳ 8 ಗಂಟೆಯಲ್ಲಿ ಒಂದೆರಡನ್ನು ತೆಗೆದುಕೊಳ್ಳಲಿ. ನಿದ್ರೆಯನ್ನೂ ಪದವಿಯ ಓದನ್ನೂ ಮುಟ್ಟದಿರಲಿ.

ಪರೀಕ್ಷೆ ಬರೆಯಬಯಸುವ ಮಿತ್ರರು ಇಂದು ರಾತ್ರಿಯೇ ಒಂದು ಹಾಳೆ ತೆಗೆದು 168 ಎಂದು ಮೇಲೆ ಬರೆದು ತಮ್ಮ ತಮ್ಮ ವಾರದ ಖರ್ಚನ್ನು ಕಳೆಯುತ್ತ ಬರಲಿ. ಉಳಿಯುವ ಸಂಖ್ಯೆ ಒಬ್ಬೊಬ್ಬರಿಗೆ ಒಂದೊಂದಾದೀತು. ಹನ್ನೆರಡಾದರೂ ಆಗಲಿ, ಅದು ನಿಜವಾದ ಸಂಖ್ಯೆಯಾಗಿದ್ದರೆ ಸಾಕು.