ಕಾಲಿಗೊಂದು ಕೆಲಸ ಕೊಡು

ಹುಮ್ಮಸ್ಸು ಎಲ್ಲಿಂದ ತರಲಿ ಅಂತ ಕೇಳಿದೆಯಲ್ಲ ಮಗಾ, ಅದು ಸಿಗುವ ಜಾಗ ಗೊತ್ತಿದ್ದರೆ ತರೀಕೆರೆಯಲ್ಲಿ ಅಡಿಕೆ ಮಂಡಿ ಪಕ್ಕದಲ್ಲೇ ನಾನೊಂದು ಅಂಗಡಿ ಹಾಕಿಕೊಂಡು ಕೂರುತ್ತಿದ್ದೆ. ಯುಗಾದಿಗೆ ಶುರು ಮಾಡ್ತೀನಿ, ಬರೋ ಸೋಮವಾರದಿಂದ ಶುರು ಮಾಡ್ತೀನಿ ಅಂದವರನ್ನೆಲ್ಲ ನೋಡಿ ಆಯಿತು. ಮೊದಲು ಶೂ ಬರುತ್ತದೆ, ಆಮೇಲೆ ಹೆಜ್ಜೆ ಎಣಿಸುವ ವಾಚು ಬರುತ್ತದೆ, ತಿಂಗಳು ತುಂಬುವಷ್ಟರಲ್ಲಿ ಶೂ ಮೇಲೆ ನಾಯಿಮರಿ ಮಲಗಿರುತ್ತದೆ. ಡಾಕ್ಟರು ಹೆದರಿಸಿದರೆ ನಾಲ್ಕು ದಿನ ಓಡುತ್ತಾರೆ, ನಿಜ. ಆದರೆ ಹೆದರಿಕೆ ಬಾಳಿಕೆ ಬರುವ ಸಾಮಾನಲ್ಲ. ಎದೆಯುರಿ ನಿಂತ ಸಂಜೆಯೇ ಮೆಣಸಿನಕಾಯಿ ಬೋಂಡ ಕೈಗೆ ಬರುತ್ತದೆ.

ನಮ್ಮ ಅಜ್ಜಂದಿರಿಗೆ ಹುಮ್ಮಸ್ಸಿತ್ತು ಅಂದುಕೊಂಡಿದ್ದೀಯಾ? ಅವರಿಗೆ ಬೇರೆ ದಾರಿಯೇ ಇರಲಿಲ್ಲ. ತೋಟಕ್ಕೆ ನೀರು ಕಟ್ಟುವುದೆಂದರೆ ಗುದ್ದಲಿ ಹಿಡಿದು ಸಾಲು ಸಾಲು ತಿರುಗಬೇಕಿತ್ತು. ಈಗ ನಿನ್ನ ಬೋರಿನ ಮೋಟಾರು ಮೊಬೈಲಿನಲ್ಲೇ ಚಾಲೂ ಆಗುತ್ತದೆ. ಕಂಬಳಿಯೊಳಗಿಂದ ಒಂದು ಮಿಸ್ಡ್ ಕಾಲ್ ಕೊಟ್ಟರೆ ಡ್ರಿಪ್ ಪೈಪಿನಲ್ಲಿ ನೀರು. ಅಡಿಕೆ ಸುಲಿಯಲು ಯಂತ್ರ, ಗೊನೆ ಇಳಿಸಲು ಕಾರ್ಬನ್ ದೋಟಿ, ಡೈರಿಗೆ ಎರಡು ಲೀಟರ್ ಹಾಲು ಹಾಕಲು ಬೈಕು. ಇದನ್ನೆಲ್ಲ ಬೇಡ ಅನ್ನುವ ಮುದುಕ ನಾನಲ್ಲ. ಮರ ಹತ್ತಿ ಬಿದ್ದು ಸೊಂಟ ಕಳೆದುಕೊಂಡವರ ಮನೆ ಕಷ್ಟ ಕಂಡವನಿಗೆ ಆ ಕಾಲ ವಾಪಸು ಬೇಕು ಅನಿಸುವುದಿಲ್ಲ. ಆದರೆ ನಿನ್ನ ತಟ್ಟೆ ನೋಡು: ಮುದ್ದೆ ಅಜ್ಜನ ಗಾತ್ರದ್ದು, ಕೆಲಸ ಮೊಮ್ಮಗನದು.

ಲಂಡನ್ನಿನಲ್ಲಿ ಜೆರೆಮಿ ಮಾರಿಸ್ ಅಂತ ಒಬ್ಬ ಡಾಕ್ಟರು ಬಸ್ಸಿನವರ ಹೃದಯದ ಕಾಯಿಲೆಯ ಲೆಕ್ಕ ಹಾಕಲು ಹೊರಟಿದ್ದರು. 1953ರಲ್ಲಿ ಅವರ ಲೆಕ್ಕ ಹೊರಬಿತ್ತು. ಡಬಲ್ ಡೆಕರ್ ಬಸ್ಸಿನಲ್ಲಿ ಕೂತೇ ಇರುವ ಡ್ರೈವರಿಗಿಂತ, ದಿನವಿಡೀ ಮೆಟ್ಟಿಲು ಹತ್ತಿಳಿದು ಟಿಕೆಟ್ ಕೊಡುವ ಕಂಡಕ್ಟರಿಗೆ ಹೃದಯದ ಕಾಯಿಲೆ ಕಡಿಮೆ. ಅದೇ ಊರು, ಅದೇ ಬಸ್ಸು. ನನಗೆ ಇದರಲ್ಲಿ ಹಿಡಿಸಿದ್ದು ಬೇರೆಯೇ. ಆ ಕಂಡಕ್ಟರ್ ಆರೋಗ್ಯ ಸುಧಾರಿಸಲಿ ಅಂತ ಮೆಟ್ಟಿಲು ಹತ್ತಲಿಲ್ಲ. ಮೇಲೆ ಕೂತವರ ಹತ್ತಿರ ಕಾಸು ಇಸಿದುಕೊಳ್ಳಬೇಕಿತ್ತು, ಹತ್ತಿದ.

ಹಾಗಾಗಿ ಮನಸ್ಸನ್ನು ಪುಸಲಾಯಿಸುತ್ತಾ ಕೂರಬೇಡ, ಕಾಲಿಗೊಂದು ಕೆಲಸ ಕೊಡು. ಬೆಳಿಗ್ಗೆ ಹಾಲಿನ ಕ್ಯಾನು ಹಿಡಿದು ಡೈರಿಗೆ ನಡೆದೇ ಹೋಗು. ಹಸು ನಿನಗೆ ರಜೆ ಕೊಡುವುದಿಲ್ಲ, ಡೈರಿಯ ಕಾರ್ಯದರ್ಶಿ ನಿನ್ನ ಮೂಡಿಗೋಸ್ಕರ ಕಾಯುವುದಿಲ್ಲ. ಬೈಕಿನ ಕೀಲಿಯನ್ನು ಹೆಂಡತಿಯ ಕೈಗೆ ಕೊಡು. ವಾಪಸು ಕೇಳಲು ನಾಚಿಕೆಯಾಗುತ್ತದೆ, ಅಷ್ಟೇ ಸಾಕು.

ಸಂಜೆಗೆ ಇನ್ನೊಂದು ಕೆಲಸ ಹೇಳುತ್ತೇನೆ, ಇದು ನಮ್ಮೂರಿನವರಿಗೆ ಮಾತ್ರ ಒದಗುವಂಥದ್ದು. ಅಮೃತೇಶ್ವರ ದೇವಸ್ಥಾನವನ್ನು ಇಷ್ಟು ವರ್ಷದಿಂದ ನೋಡುತ್ತಿದ್ದೀಯ, ಅಂದರೆ ನೋಡೇ ಇಲ್ಲ. 1196ರಲ್ಲಿ ವೀರಬಲ್ಲಾಳನ ದಂಡನಾಯಕ ಅಮೃತೇಶ್ವರ ಕಟ್ಟಿಸಿದ್ದು, ಶಿಲ್ಪಿ ಮಲ್ಲಿತಮ್ಮ ಉಳಿ ಹಿಡಿದದ್ದು, ಇಷ್ಟನ್ನು ಪ್ರವಾಸಿಗಳೂ ಬಾಯಿಪಾಠ ಒಪ್ಪಿಸುತ್ತಾರೆ. ನೀನು ಮಂಟಪದ ಹೊರಗಿನ ಜಗಲಿ ಗೋಡೆಗೆ ಬಾ. ದಕ್ಷಿಣಕ್ಕೆ ಎಪ್ಪತ್ತು ಫಲಕಗಳಲ್ಲಿ ರಾಮಾಯಣ ಇದೆ. ಉತ್ತರಕ್ಕೆ ಇಪ್ಪತ್ತೈದರಲ್ಲಿ ಕೃಷ್ಣನ ಕತೆ, ನಲವತ್ತೈದರಲ್ಲಿ ಮಹಾಭಾರತ. ರಾಮಾಯಣದ ಕತೆ ಸಾಗುವುದು ಅಪ್ರದಕ್ಷಿಣವಾಗಿ. ನೀನು ಪ್ರದಕ್ಷಿಣೆ ಹೊರಟರೆ ಕತೆ ಎದುರಿನಿಂದ ಬರುತ್ತದೆ, ಅದಕ್ಕೇ ಅವಸರದಲ್ಲಿ ಸುತ್ತು ಹಾಕುವವರಿಗೆ ತಲೆಬುಡ ಗೊತ್ತಾಗುವುದಿಲ್ಲ. ದಿನಕ್ಕೆ ಒಂದೇ ಫಲಕ ನೋಡು. ಯಾರು ನಿಂತಿದ್ದಾರೆ, ಯಾರು ಕೂತಿದ್ದಾರೆ, ಯಾರ ಕೈಯಲ್ಲಿ ಏನಿದೆ, ಮನೆಗೆ ಬಂದು ಮಗಳಿಗೆ ಹೇಳು. ಮಾರನೇ ದಿನ ಅವಳೇ ಕೇಳುತ್ತಾಳೆ, ಮುಂದೇನಾಯಿತು ಅಂತ. ಆಗ ಹೇಗೆ ತಪ್ಪಿಸಿಕೊಳ್ಳುತ್ತೀಯೋ ನೋಡುತ್ತೇನೆ.

ದಿನಕ್ಕೊಂದರಂತೆ ರಾಮಾಯಣ ಮುಗಿಯಲು ಎಪ್ಪತ್ತು ದಿನ ಬೇಕು, ಈ ಎಪ್ಪತ್ತರಲ್ಲಿ ಒಂದು ಲಾಭವೂ ಇದೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪಾ ಲಾಲಿ ಮತ್ತು ಸಂಗಡಿಗರು, ಹೊಸ ಅಭ್ಯಾಸ ತಾನೇ ತಾನಾಗಿ ನಡೆಯಲು ಎಷ್ಟು ದಿನ ಬೇಕು ಅಂತ ಅಳೆದಿದ್ದರು. ಒಬ್ಬೊಬ್ಬರೂ ಒಂದು ಸಣ್ಣ ಅಭ್ಯಾಸ ಆರಿಸಿಕೊಂಡು, ದಿನದ ಒಂದು ಗೊತ್ತಾದ ಹೊತ್ತಿಗೆ, ತಿಂಡಿ ಆದ ಮೇಲೆ ಅನ್ನುವ ಹಾಗೆ, ಅದನ್ನು ಗಂಟು ಹಾಕಬೇಕಿತ್ತು. ಮಧ್ಯದ ಅಂದಾಜು 66 ದಿನ ಬಂತು. ಕೆಲವರಿಗೆ 18 ದಿನ ಸಾಕಾಯಿತು, ಇನ್ನು ಕೆಲವರಿಗೆ 254ರವರೆಗೂ ಬೇಕಾದೀತೆಂದು ಲೆಕ್ಕ. ಇಪ್ಪತ್ತೊಂದು ದಿನದಲ್ಲಿ ಬದುಕೇ ಬದಲಾಗುತ್ತದೆ ಅಂತ ವಾಟ್ಸಾಪಿನಲ್ಲಿ ಬರುವುದನ್ನು ಅಲ್ಲೇ ಬಿಡು. ಅವರು ಕಂಡ ಇನ್ನೊಂದು ಸಂಗತಿಯೇ ನಿನಗೆ ಮುಖ್ಯ: ನಡುವೆ ಒಂದು ದಿನ ತಪ್ಪಿದರೆ ಏನೂ ಕೆಡುವುದಿಲ್ಲ. ನೀನು ಒಂದು ದಿನ ಮಳೆಗೆ ತಪ್ಪಿಸಿಕೊಂಡು, ವ್ರತಭಂಗವಾಯಿತು ಅಂತ ಇಡೀ ತಿಂಗಳು ಮಲಗುವ ಪೈಕಿ. ವಿಶ್ವ ಆರೋಗ್ಯ ಸಂಸ್ಥೆ ಕೇಳುವುದೂ ವಾರಕ್ಕೆ ಕನಿಷ್ಠ 150 ನಿಮಿಷ ಬಿರುಸು ನಡಿಗೆಯಂಥ ಶ್ರಮ. ದಿನಕ್ಕೆ ಅರ್ಧ ಗಂಟೆ ಅಂತ ಇಟ್ಟುಕೊಂಡರೂ ವಾರದಲ್ಲಿ ಎರಡು ದಿನ ನಿನ್ನ ಸೋಮಾರಿತನಕ್ಕೆ ಮಿಕ್ಕಿತು.

ಊಟದ ವಿಷಯ ಉದ್ದ ಎಳೆಯುವುದಿಲ್ಲ. ರಾಗಿ ಒಳ್ಳೆಯದು ಅಂತ ಎರಡು ಮುದ್ದೆ ನುಂಗಿದರೆ ಶುಗರಿಗೆ ರಾಗಿಯೂ ಒಂದೇ, ಅಕ್ಕಿಯೂ ಒಂದೇ. ಮುದ್ದೆ ಅರ್ಧ ಮಾಡು, ಬಸ್ಸಾರಿನ ಸೊಪ್ಪು ಕಾಳು ದುಪ್ಪಟ್ಟು ಮಾಡು. ಉಪ್ಪು ದಿನಕ್ಕೆ ಐದು ಗ್ರಾಂ ಒಳಗಿರಬೇಕು. ಅಂದರೆ ಒಂದು ಟೀ ಚಮಚ, ಅದರಲ್ಲೇ ನಿನ್ನ ಉಪ್ಪಿನಕಾಯಿ ಹಪ್ಪಳವೂ ಸೇರಿತು.

ಇನ್ನು ಅಡಿಕೆ. ಈ ಸೀಮೆಯಲ್ಲಿ ಕೂತು ಇದನ್ನು ಹೇಳಿದರೆ ಜಗಳಕ್ಕೆ ಬರುತ್ತಾರೆ, ಬರಲಿ. ಮನೆ ಕಟ್ಟಿದ್ದು, ನಿನ್ನ ಫೀಸು ಕಟ್ಟಿದ್ದು, ಎಲ್ಲ ಅಡಿಕೆಯಿಂದಲೇ. ಆದರೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಅಡಿಕೆಯನ್ನು, ಹೊಗೆಸೊಪ್ಪಿಲ್ಲದ ಎಲೆಅಡಿಕೆಯನ್ನೂ, ಕ್ಯಾನ್ಸರ್ ತರುವ ಮೊದಲ ಗುಂಪಿಗೆ ಸೇರಿಸಿದೆ. ಆ ಪಟ್ಟಿಗೆ ಮುಂದೆ ಏನಾಗುತ್ತದೋ ಮಂಡಿಯವರು ವಾದ ಮಾಡಲಿ. ಶುಭಕಾರ್ಯದಲ್ಲಿ ತಾಂಬೂಲ ಮುಟ್ಟಿ ನಮಸ್ಕಾರ ಮಾಡು, ಗುಟ್ಕಾ ಚೀಟಿಯನ್ನು ಮಾತ್ರ ಜೇಬಿನಿಂದ ಇವತ್ತೇ ತೆಗೆದುಹಾಕು. ಅದನ್ನು ಸ್ವಲ್ಪ ಸ್ವಲ್ಪ ಬಿಡ್ತೀನಿ ಅಂದವರು ಬಿಟ್ಟದ್ದನ್ನು ನಾನು ನೋಡಿಲ್ಲ. ಬಿಪಿ, ಶುಗರ್ ನೋಡಿಸಲು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋದರೆ ದುಡ್ಡಿಲ್ಲ. ಮೂವತ್ತು ದಾಟಿದವರೆಲ್ಲ ನೋಡಿಸಬೇಕು ಅಂತಲೇ ಸರ್ಕಾರದ ಕಾರ್ಯಕ್ರಮ ಇದೆ. ಮಾತ್ರೆ ಬರೆದುಕೊಟ್ಟರೆ ನುಂಗು. ಕಷಾಯದ ಭರವಸೆಯಲ್ಲಿ ಮಾತ್ರೆ ನಿಲ್ಲಿಸಬೇಡ.

ನಿನ್ನ ಹೆಂಡತಿಯ ಮಾತೂ ಇದೆ. "ಅವಳಿಗೇನು ದೊಡ್ಡಪ್ಪ, ಮನೆಗೆಲಸವೇ ವ್ಯಾಯಾಮ" ಅಂತ ಅವಳ ಪರವಾಗಿ ನೀನು ಉತ್ತರ ಕೊಡಬೇಡ. ನಿಂತು ಬೇಯಿಸುವುದಕ್ಕೂ ಕೈ ಬೀಸಿ ನಡೆಯುವುದಕ್ಕೂ ವ್ಯತ್ಯಾಸ ಇದೆ, ಅವಳ ಮಂಡಿಯನ್ನೇ ಕೇಳು. ಅವಳಿಗೆ ಇಲ್ಲದ್ದು ಮನಸ್ಸಲ್ಲ, ಹೊತ್ತು. ಸಂಜೆ ಅರ್ಧ ಗಂಟೆ ಒಲೆ ಮುಂದೆ ನೀನು ನಿಂತರೆ ಪಕ್ಕದ ಮನೆಯವಳನ್ನು ಕರೆದುಕೊಂಡು ತಾನೇ ಹೊರಡುತ್ತಾಳೆ.

ದಸರೆ ಕಳೆದು ಕೊಯ್ಲು ಬಿಗಿಯಾದಾಗ ಇದೆಲ್ಲ ಒಮ್ಮೆ ಮುರಿದು ಬೀಳುತ್ತದೆ. ಸುಲಿಯುವುದು, ಬೇಯಿಸುವುದು, ಒಣಗಿಸುವುದು, ಮೋಡ ಕಟ್ಟಿದರೆ ಟಾರ್ಪಾಲು ಎಳೆಯುವುದು. ಆಗ ದೇವಸ್ಥಾನ ಬಿಡು, ಡೈರಿಯ ನಡಿಗೆಯೊಂದನ್ನು ಬಿಡಬೇಡ. ನೋಡಿದ ಕೊನೆಯ ಫಲಕ ಯಾವುದು ಅಂತ ಮಗಳ ಹತ್ತಿರ ಕ್ಯಾಲೆಂಡರಿನಲ್ಲಿ ಬರೆಸಿಡು, ಮೊದಲಿನಿಂದ ಶುರು ಮಾಡುವ ಚಟ ನಿನಗಿದೆ. ಕಣ ಖಾಲಿಯಾದ ಸಂಜೆ, ಬಿಟ್ಟಿದ್ದು ಹನುಮಂತನ ಹತ್ತಿರವಾದರೆ ಹನುಮಂತನ ಹತ್ತಿರವೇ ಹೋಗಿ ನಿಲ್ಲು.